ಯುದ್ಧಭೂಮಿಯಿಂದ ವಿಮಾನ ಕಂಪನಿಗೆ: ಕ್ಯಾಪ್ಟನ್ ಗೋಪಿನಾಥ್ ಬದುಕಿನಿಂದ ನಮ್ಮ ಶಾಲೆಗೊಂದು ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವಾಗತ ಸಮಿತಿಯವರು ನನಗೆ ಒಂದು ವಿಷಯ ಕೊಟ್ಟಿದ್ದಾರೆ. "ನೀವು ವಾಯುಸೇನೆಯಲ್ಲಿ ಇದ್ದು ಬಂದವರು. ಯುದ್ಧ ಕಂಡು ಬಂದು ಆಮೇಲೆ ವಿಮಾನದ ಕಂಪನಿ ಕಟ್ಟಿದವರೊಬ್ಬರ ಬದುಕನ್ನು ನಮ್ಮ ಮಕ್ಕಳಿಗೆ ಹೇಳಿರಿ" ಎಂದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ವಿಮಾನ ಹಾರಿಸಿದವನಲ್ಲ. ನೆಲದ ಮೇಲೆ ನಿಂತು ಅದರ ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದವನು. ಹಾರುವವರ ಬಗ್ಗೆ ನೆಲದ ಮೇಲಿನವನು ಹೇಳುವ ಮಾತು ಎಂದು ಇದನ್ನು ಕೇಳಬೇಕು.

ನಾನು ಆರಿಸಿಕೊಂಡ ವ್ಯಕ್ತಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್, ಏರ್ ಡೆಕ್ಕನ್ ಕಂಪನಿ ಕಟ್ಟಿದವರು. ಅವರ ಹೆಸರಿನ ಹಿಂದೆ 'ಕ್ಯಾಪ್ಟನ್' ಇರುವುದರಿಂದ ಅವರು ಪೈಲಟ್ ಆಗಿದ್ದರು ಎಂದು ಬಹಳ ಜನ ತಿಳಿದಿದ್ದಾರೆ. ವಿಮಾನ ಹಾರಿಸುವವರನ್ನೂ ಕ್ಯಾಪ್ಟನ್ ಅನ್ನುತ್ತೇವಲ್ಲ, ಅದಕ್ಕೆ. ಆದರೆ ಗೋಪಿನಾಥ್ ಅವರದು ಭೂಸೇನೆಯ ಹುದ್ದೆ. ಅವರು ನೆಲದ ಮೇಲೆ ಯುದ್ಧ ಕಂಡ ಸೈನಿಕರು. ನೆಲದ ಮನುಷ್ಯ ಆಕಾಶದ ವ್ಯವಹಾರಕ್ಕೆ ಕೈ ಹಾಕಿದ್ದೇ ಈ ಕಥೆಯಲ್ಲಿ ನನಗೆ ಹಿಡಿಸಿದ್ದು.

ಅವರನ್ನೇ ಆರಿಸಲು ಇನ್ನೊಂದು ಕಾರಣವಿದೆ. ಅವರು ಹಾಸನ ಜಿಲ್ಲೆಯ ಗೊರೂರಿನವರಾದರೂ ಓದಿ ಬೆಳೆದದ್ದು ನಮ್ಮ ವಿಜಯಪುರದ ಸೈನಿಕ ಶಾಲೆಯಲ್ಲಿ. ಇಲ್ಲಿ ಮನಗೂಳಿಯಲ್ಲಿ ಬಸ್ಸು ಹತ್ತಿದರೆ ಒಂದು ತಾಸಿನ ದಾರಿಯೂ ಅಲ್ಲ. ನಮ್ಮ ಹೊಲದ ಮೇಲೆ ಬೀಸುವ ಗಾಳಿ, ನಮ್ಮನ್ನು ಸುಡುವ ಬಿಸಿಲು, ಅದೇ ಅವರಿಗೂ ಬಾಲ್ಯದಲ್ಲಿ ಸಿಕ್ಕದ್ದು.

ಅವರ ಕಥೆಗೆ ಹೋಗುವ ಮುಂಚೆ ಯುದ್ಧವಿಮಾನ ಹಾರಿಸಿದ ಒಬ್ಬ ಕನ್ನಡ ನಾಡಿನ ಮಗನನ್ನು ನೆನೆಯುವುದು ಧರ್ಮ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಒಂದನ್ನು ಹಾರಿಸಿದವರು. ತಮ್ಮ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನ ಎದುರಾದಾಗ ಓಡದೆ ಕಾದಾಡಿ ಅದನ್ನು ಕೆಡವಿದರು. ತಾವು ಮರಳಲಿಲ್ಲ. ಅಲ್ಲಿ ನಡೆದದ್ದು ನಮ್ಮವರಿಗೆ ತಿಳಿಯಲು ವರ್ಷಗಳೇ ಹಿಡಿದವು. 23 ವರ್ಷಗಳ ನಂತರ, 1988ರಲ್ಲಿ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಮರಳದವರಿಗೆ ನಾವು ಕೈ ಮುಗಿಯುತ್ತೇವೆ, ಮೂರ್ತಿ ನಿಲ್ಲಿಸುತ್ತೇವೆ. ಮರಳಿ ಬಂದವರ ಗತಿ ಏನು? ನಮ್ಮ ಸೀಮೆಯ ಹಳ್ಳಿಗಳಲ್ಲಿ ಮಾಜಿ ಸೈನಿಕರು ಇದ್ದಾರೆ. ಮೂವತ್ತೈದು, ನಲವತ್ತು ವಯಸ್ಸಿಗೇ ನಿವೃತ್ತರಾಗಿ ಬರುತ್ತಾರೆ. ಶಿಸ್ತು ಇದೆ, ಕೆಲಸ ಬರುತ್ತದೆ, ದೇಶ ಸುತ್ತಿದ ಅನುಭವ ಇದೆ. ಆದರೆ ಊರಿಗೆ ಬಂದಮೇಲೆ ಅವರಿಗೆ ನಾವು ತೋರಿಸುವ ಕೆಲಸ ಒಂದೇ, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುವುದು. ಅದು ಕೀಳು ಕೆಲಸ ಎಂದು ನಾನು ಹೇಳುತ್ತಿಲ್ಲ. ಬಸವಣ್ಣನವರು ಹುಟ್ಟಿದ ತಾಲ್ಲೂಕಿನವರು ನಾವು, ಕಾಯಕದಲ್ಲಿ ಮೇಲು ಕೀಳು ನೋಡಬಾರದು. ಆದರೆ ಇನ್ನೇನೂ ದಾರಿಯೇ ಇಲ್ಲವೆಂದು ತಿಳಿದು ಒಂದನ್ನೇ ಹಿಡಿಯುವುದು ಬೇರೆ, ನಾಲ್ಕು ದಾರಿ ನೋಡಿ ಒಂದನ್ನು ಆರಿಸುವುದು ಬೇರೆ.

ಈಗ ಗೋಪಿನಾಥ್ ಅವರ ಕಥೆ. ಅವರು 1951ರಲ್ಲಿ ಹುಟ್ಟಿದರು. ಗೊರೂರು ಹೇಮಾವತಿ ದಂಡೆಯ ಹಳ್ಳಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹದಿಂದ ಕನ್ನಡ ಓದುವವರಿಗೆಲ್ಲ ಗೊತ್ತಿರುವ ಊರು. ಗೋಪಿನಾಥರ ತಂದೆ ಮೇಷ್ಟ್ರು, ಬೇಸಾಯವೂ ಇತ್ತು. ಮನೆತುಂಬ ಮಕ್ಕಳು. ತಂದೆ ಮೊದಲ ವರ್ಷಗಳಲ್ಲಿ ಮಗನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಿದರು. ಹುಡುಗ ನೇರವಾಗಿ ಐದನೆಯ ತರಗತಿಗೆ ಸೇರಿದ, ಅದೂ ಕನ್ನಡ ಶಾಲೆಗೆ.

ಆ ಹೊತ್ತಿಗೆ ದೇಶದಲ್ಲಿ ಸೈನಿಕ ಶಾಲೆಗಳು ಹುಟ್ಟುತ್ತಿದ್ದವು. 1961ರಲ್ಲಿ ಈ ಶಾಲೆಗಳ ಯೋಜನೆ ಶುರುವಾಯಿತು. ಸೇನೆಯ ಅಧಿಕಾರಿಗಳಾಗುವ ಅವಕಾಶ ಪಟ್ಟಣದ ದೊಡ್ಡ ಶಾಲೆಗಳ ಮಕ್ಕಳಿಗೆ ಮಾತ್ರ ಸಿಗಬಾರದು, ಎಲ್ಲ ರಾಜ್ಯಗಳ ಸಾಮಾನ್ಯ ಮನೆಗಳ ಮಕ್ಕಳಿಗೂ ಸಿಗಬೇಕು ಎಂಬುದು ಅದರ ಉದ್ದೇಶ. 1963ರಲ್ಲಿ ನಮ್ಮ ವಿಜಯಪುರದಲ್ಲಿ, ಅಂದಿನ ಬಿಜಾಪುರದಲ್ಲಿ, ಸೈನಿಕ ಶಾಲೆ ತೆರೆಯಿತು. ಕನ್ನಡ ಶಾಲೆಯ ಆ ಹುಡುಗ ಪ್ರವೇಶ ಪರೀಕ್ಷೆ ಬರೆದು ಇಲ್ಲಿಗೆ ಬಂದ. ಮಲೆನಾಡಿನ ಅಂಚಿನ ಹಸಿರು ಬಿಟ್ಟು ನಮ್ಮ ಬಯಲಿಗೆ, ಎರೆಮಣ್ಣಿಗೆ, ಜೋಳದ ರೊಟ್ಟಿಯ ನಾಡಿಗೆ ಬಂದ. ಇಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಲ್ಲಿಂದ ಡೆಹರಾಡೂನಿನ ಸೇನಾ ಅಕಾಡೆಮಿ, ಆಮೇಲೆ ಭೂಸೇನೆಯ ಅಧಿಕಾರಿ.

1971ರ ಯುದ್ಧದ ಕಾಲ ಅದು. ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧ. ಢಾಕಾದಲ್ಲಿ ಸುಮಾರು 93,000 ಜನ ಶರಣಾದರು, ಬಾಂಗ್ಲಾದೇಶ ಹುಟ್ಟಿತು. ಆ ಯುದ್ಧದಲ್ಲಿ ಪಾಲ್ಗೊಂಡ ಎಳೆಯ ಅಧಿಕಾರಿಗಳಲ್ಲಿ ಗೋಪಿನಾಥ್ ಒಬ್ಬರು.

ಆ ಯುದ್ಧದ ಒಂದು ಸಂಗತಿಯನ್ನು ಮಕ್ಕಳು ತಿಳಿದಿರಬೇಕು. ಪೂರ್ವದಲ್ಲಿ ಮೇಘನಾ ಅಂತ ದೊಡ್ಡ ನದಿ ಇದೆ. ನಮ್ಮ ಕೃಷ್ಣೆ, ಭೀಮೆಗಳನ್ನು ನೋಡಿದವರಿಗೂ ಅದು ಸಮುದ್ರದಂತೆ ಕಾಣುತ್ತದೆ. ಹಿಂದೆ ಸರಿದ ಶತ್ರುಪಡೆ ಅದರ ಸೇತುವೆಯನ್ನು ಒಡೆದು ಹಾಕಿತ್ತು. ಢಾಕಾ ಆಚೆ ದಂಡೆಯ ಕಡೆ. ಜನರಲ್ ಸಗತ್ ಸಿಂಗ್ ಅವರ ಪಡೆಯನ್ನು ಎಂಐ-4 ಹೆಲಿಕಾಪ್ಟರ್‌ಗಳು ಹೊತ್ತು ಹೊತ್ತು ಆ ನದಿ ದಾಟಿಸಿದವು. ಸೇತುವೆ ಇಲ್ಲದ ಕಡೆ ಹೆಲಿಕಾಪ್ಟರೇ ಸೇತುವೆ ಆಯಿತು. ರಸ್ತೆ ಇಲ್ಲದ, ರೈಲು ಇಲ್ಲದ ಊರಿಗೆ ಹಾರುವ ಯಂತ್ರ ಎಷ್ಟು ದೊಡ್ಡ ಉಪಕಾರ ಎನ್ನುವುದನ್ನು ಆ ಪೀಳಿಗೆಯ ಸೈನಿಕರಿಗೆ ಯಾರೂ ಪುಸ್ತಕದಲ್ಲಿ ಓದಿ ಹೇಳಬೇಕಾಗಿರಲಿಲ್ಲ.

ಸುಮಾರು ಎಂಟು ವರ್ಷ ಸೇವೆ ಮಾಡಿ, ಮೂವತ್ತು ತುಂಬುವ ಮೊದಲೇ, ಗೋಪಿನಾಥ್ ಸೇನೆ ಬಿಟ್ಟರು. ಬಿಟ್ಟು ಎಲ್ಲಿಗೆ ಹೋದರು? ಹೊಲಕ್ಕೆ. ಹೇಮಾವತಿಗೆ ಗೊರೂರಿನ ಹತ್ತಿರ ಅಣೆಕಟ್ಟು ಕಟ್ಟಿದಾಗ ಅವರ ಮನೆತನದ ಭೂಮಿ ಮುಳುಗಿತು. ಬದಲಿಗೆ ಸಿಕ್ಕದ್ದು ಜಾವಗಲ್ ಹತ್ತಿರದ ಬರಡು ನೆಲ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಎಷ್ಟು ಮನೆ, ಎಷ್ಟು ಹೊಲ ನುಂಗಿದೆ ಎಂದು ನಮ್ಮ ತಾಲ್ಲೂಕಿನವರಿಗೆ ಗೊತ್ತು. ಮುಳುಗಡೆ ಅನ್ನುವ ಮಾತಿನ ಭಾರ ನಮಗೆ ಗೊತ್ತು.

ಆ ಬರಡು ನೆಲದಲ್ಲಿ ಅವರು ಡೇರೆ ಹಾಕಿಕೊಂಡು ಇದ್ದರು. ತೆಂಗು ಹಾಕಿದರು, ರೇಷ್ಮೆ ಮಾಡಿದರು. ಸಾಲ ಆಯಿತು, ಬೆಳೆ ಹೋಯಿತು, ಮತ್ತೆ ಹಾಕಿದರು. ಔಷಧ ಗೊಬ್ಬರಕ್ಕೆ ಸುರಿದ ದುಡ್ಡು ಬೆಳೆಯಿಂದ ಹುಟ್ಟುತ್ತಿಲ್ಲ ಎಂದು ಲೆಕ್ಕ ಹಾಕಿ, ಖರ್ಚು ಇಳಿಸುವ, ಮಣ್ಣು ಕೆಡದ ಬೇಸಾಯಕ್ಕೆ ತಿರುಗಿದರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗಾಗಿ 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಹೊಟ್ಟೆಪಾಡಿಗೆ ಹಾಸನದಲ್ಲಿ ಮೋಟರ್‌ಸೈಕಲ್ ಮಾರಾಟದ ಏಜೆನ್ಸಿ ನಡೆಸಿದರು, ಹೋಟೆಲು ನಡೆಸಿದರು, ನೀರಾವರಿ ಸಾಮಾನು ಮಾರಿದರು. ವಿಧಾನಸಭೆ ಚುನಾವಣೆಗೆ ನಿಂತು ಸೋತರು.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ವಿಮಾನ ಕಂಪನಿ ಕಟ್ಟಿದವರು ಅಂದಕೂಡಲೇ ಬಾಯಲ್ಲಿ ಬೆಳ್ಳಿ ಚಮಚ ಇಟ್ಟುಕೊಂಡು ಹುಟ್ಟಿದವರು ಎಂದು ನಾವು ತಿಳಿಯುತ್ತೇವೆ. ಈ ಮನುಷ್ಯ ಹದಿನೈದು ಇಪ್ಪತ್ತು ವರ್ಷ ಮಣ್ಣಿನಲ್ಲಿ ಕಲಿತದ್ದೇ ಆಕಾಶದಲ್ಲಿ ಉಪಯೋಗಕ್ಕೆ ಬಂದದ್ದು. ಏನು ಕಲಿತರು? ಬೆಲೆ ನಮ್ಮ ಕೈಯಲ್ಲಿ ಇರುವುದಿಲ್ಲ, ಖರ್ಚು ನಮ್ಮ ಕೈಯಲ್ಲಿ ಇರುತ್ತದೆ. ಇದು ಪ್ರತಿಯೊಬ್ಬ ಒಕ್ಕಲಿಗನಿಗೂ ಗೊತ್ತಿರುವ ಮಾತು.

ಈಗ ಹೆಲಿಕಾಪ್ಟರ್. ಬೆಂಗಳೂರಿನಲ್ಲಿ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ಎರಡನೆಯ ಮಹಾಯುದ್ಧದಲ್ಲಿ ಅದು ಮಿತ್ರಪಡೆಗಳ ವಿಮಾನಗಳನ್ನು ರಿಪೇರಿ ಮಾಡಿತು, ಆಮೇಲೆ ಚೇತಕ್, ಚೀತಾ ಹೆಲಿಕಾಪ್ಟರ್‌ಗಳನ್ನು ಕಟ್ಟಿತು. ಹೀಗಾಗಿ ಹಾರಾಟ ಬಲ್ಲವರು, ಎಂಜಿನ್ ಬಲ್ಲವರು, ಸೇನೆಯಿಂದ ನಿವೃತ್ತರಾದ ಪೈಲಟ್‌ಗಳು ಬೆಂಗಳೂರಿನಲ್ಲಿ ಬಹಳ. ಅಂಥವರಲ್ಲಿ ಒಬ್ಬರು ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯಲ್, ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದವರು, ಗೋಪಿನಾಥರ ಗೆಳೆಯರು. ಒಬ್ಬರಿಗೆ ವ್ಯವಹಾರದ ಹುಚ್ಚು, ಒಬ್ಬರಿಗೆ ಹಾರಾಟದ ವಿದ್ಯೆ. ಸೇನೆಯ ಸ್ನೇಹ ಬಂಡವಾಳ. 1997ರಲ್ಲಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಕಂಪನಿ ಕೆಲಸ ಶುರು ಮಾಡಿತು. ರೋಗಿಗಳನ್ನು ಸಾಗಿಸುವುದು, ಭೂಮಿಯ ಸಮೀಕ್ಷೆ, ಉದ್ಯಮಿಗಳ ಓಡಾಟ, ಚುನಾವಣೆಯ ಪ್ರಚಾರ, ಹೀಗೆ ಬಾಡಿಗೆಗೆ ಹೆಲಿಕಾಪ್ಟರ್ ಕೊಡುವ ಕಂಪನಿ.

ಚುನಾವಣೆ ಬಂದರೆ ನಮ್ಮ ಕಡೆಯ ಮೈದಾನಗಳಲ್ಲೂ ಸುಣ್ಣದಿಂದ ದುಂಡಗೆ ಗೆರೆ ಹಾಕುತ್ತಾರಲ್ಲ, ಮಕ್ಕಳೆಲ್ಲ ಪಾಠ ಬಿಟ್ಟು ಓಡಿ ಧೂಳು ನುಂಗುತ್ತಾ ನಿಲ್ಲುತ್ತಾರಲ್ಲ. ಆಗ ನಾವೆಲ್ಲ ನೋಡುವುದು ಹಿಂದಿನ ಬಾಗಿಲಿನಿಂದ ಇಳಿಯುವ ಮುಖಂಡರನ್ನು. ಮುಂದೆ ಕುಳಿತು ಅದನ್ನು ಹಾರಿಸಿಕೊಂಡು ಬಂದವನು ಯಾವ ಊರಿನವನು, ಯಾವ ಶಾಲೆಯಲ್ಲಿ ಓದಿದ ಎಂದು ಯಾರೂ ಕೇಳುವುದಿಲ್ಲ. ಮಕ್ಕಳೇ, ಇನ್ನು ಮುಂದೆ ನೀವು ಅವನನ್ನು ನೋಡಿರಿ.

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹುಟ್ಟಿತು. ಮೊದಲ ಹಾರಾಟ ದಿಲ್ಲಿಗಲ್ಲ, ಮುಂಬಯಿಗಲ್ಲ, ಬೆಂಗಳೂರಿನಿಂದ ನಮ್ಮ ಹುಬ್ಬಳ್ಳಿಗೆ. ವಿಮಾನಗಳು ಎಟಿಆರ್ ಎನ್ನುವ ಸಣ್ಣವು, ಮುಂದೆ ಪಂಖ ತಿರುಗುವಂಥವು, 48 ಸೀಟಿನವು. ವಾಯುಸೇನೆಯಲ್ಲಿ ಎಂಜಿನ್ ಕೆಲಸ ಮಾಡಿದ ನನಗೆ ಆ ಆಯ್ಕೆಯ ಜಾಣತನ ಕೂಡಲೇ ಕಂಡಿತು. ಜೆಟ್ ವಿಮಾನಕ್ಕಿಂತ ಅದು ನಿಧಾನ. ಆದರೆ ಸಣ್ಣ ದೂರಕ್ಕೆ ಎಣ್ಣೆ ಬಹಳ ಕಡಿಮೆ ಕುಡಿಯುತ್ತದೆ, ರನ್‌ವೇ ಒಂದು ಕಿಲೋಮೀಟರಿಗಿಂತ ಸ್ವಲ್ಪ ಉದ್ದವಿದ್ದರೆ ಸಾಕು. ಸಣ್ಣ ಊರಿನ ಹಳೆಯ ನಿಲ್ದಾಣಗಳಿಗೆ ಹೇಳಿ ಮಾಡಿಸಿದ್ದು.

ಉಳಿದ ಲೆಕ್ಕವೂ ಹಾಗೆಯೇ. ಪುಕ್ಕಟೆ ಊಟ ಇಲ್ಲ, ಬೇಕಾದವರು ಕೊಂಡು ತಿನ್ನಬೇಕು. ದೊಡ್ಡವರ ಸೀಟು, ಸಣ್ಣವರ ಸೀಟು ಎಂಬ ಭೇದ ಇಲ್ಲ, ಎಲ್ಲವೂ ಒಂದೇ ದರ್ಜೆ. ಟಿಕೆಟ್ ಇಂಟರ್‌ನೆಟ್ಟಿನಲ್ಲಿ. ವಿಮಾನ ಇಳಿದ ಮೇಲೆ ಆದಷ್ಟು ಬೇಗ ಮತ್ತೆ ಹಾರಬೇಕು, ಏಕೆಂದರೆ ನೆಲದ ಮೇಲೆ ನಿಂತ ವಿಮಾನ ದುಡಿಯದ ಎತ್ತು ಇದ್ದ ಹಾಗೆ, ಮೇವು ತಿನ್ನುತ್ತದೆ, ಹೊಲ ಉಳುವುದಿಲ್ಲ.

ಒಂದು ರೂಪಾಯಿಗೆ ವಿಮಾನ ಹತ್ತಬಹುದು ಎಂದು ಅವರು ಜಾಹೀರಾತು ಕೊಟ್ಟಾಗ ಜನ ನಕ್ಕರು. ಅದು ಹೇಗೆ ಸಾಧ್ಯ ಎಂದು ನಮ್ಮ ಸಂತೆಯ ಲೆಕ್ಕದಲ್ಲೇ ಹೇಳುತ್ತೇನೆ. ಸಂತೆಗೆ ತಂದ ಟೊಮೆಟೊ ಸಂಜೆಯೊಳಗೆ ಹೋಗದಿದ್ದರೆ ಚರಂಡಿಗೆ. ವಿಮಾನದ ಖಾಲಿ ಸೀಟೂ ಹಾಗೆಯೇ, ಬಾಗಿಲು ಹಾಕಿದ ಕೂಡಲೇ ಅದರ ಬೆಲೆ ಸೊನ್ನೆ. ಒಂದು ವ್ಯತ್ಯಾಸ ಇದೆ. ಸಂತೆಯಲ್ಲಿ ಬೆಲೆ ಸಂಜೆಗೆ ಇಳಿಯುತ್ತದೆ, ವಿಮಾನದಲ್ಲಿ ಕಡೆಯ ಗಳಿಗೆಗೆ ಏರುತ್ತದೆ. ತಿಂಗಳುಗಟ್ಟಲೆ ಮುಂಚೆ ಕೊಂಡವನಿಗೆ ಕೆಲವೇ ಸೀಟು ತೀರ ಸೋವಿ, ನಾಳೆಯೇ ಹೋಗಬೇಕು ಎನ್ನುವವನಿಗೆ ದುಬಾರಿ. ಒಂದು ರೂಪಾಯಿಯ ಸೀಟುಗಳು ಕೆಲವೇ ಇದ್ದವು, ತೆರಿಗೆ ಬೇರೆ ಕೊಡಬೇಕಿತ್ತು. ಆದರೂ ಆ ಒಂದು ರೂಪಾಯಿ ಮಾಡಿದ ಕೆಲಸ ದೊಡ್ಡದು. "ವಿಮಾನ ನಮ್ಮಂಥವರಿಗಲ್ಲ" ಎನ್ನುವ ಮಾತನ್ನು ಅದು ಜನರ ಬಾಯಿಂದ ತೆಗೆಸಿತು. ಕಂಪನಿಯ ಗುರುತಾಗಿ ಆರಿಸಿದ್ದೂ ಮೈಸೂರಿನ ಆರ್. ಕೆ. ಲಕ್ಷ್ಮಣರ ಚಿತ್ರದ ಆ ಸಾಮಾನ್ಯ ಮನುಷ್ಯನನ್ನು, ಚೌಕಳಿ ಅಂಗಿ, ಧೋತರ ಉಟ್ಟವನನ್ನು.

ನಮ್ಮ ಅವ್ವನನ್ನು ನಾನು ಆ ದಿನಗಳಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ, ಕಣ್ಣಿನ ಆಸ್ಪತ್ರೆಗೆ. ಇಳಿದ ಮೇಲೆ ಅಕಿ ಅಂದದ್ದು ಇಷ್ಟೆ: "ಇಷ್ಟ್ ಹೊತ್ತಿನ್ಯಾಗ ನಾ ಬಾಗೇವಾಡಿ ಸಂತಿಗಿ ಹೋಗಿ ಬರೂದೂ ಆಗ್ತಿದ್ದಿಲ್ಲಲ್ಲೋ ತಮ್ಮಾ." ಮೂವತ್ತು ವರ್ಷ ವಿಮಾನದ ಜೊತೆ ಬಾಳಿದ ನನ್ನ ಕೆಲಸ ಏನು ಅಂತ ಅಕಿಗೆ ಅವತ್ತೇ ತಿಳಿಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಹೊಗಳಿಕೆಯ ಭಾಷಣ ಆಗುತ್ತದೆ. ಮಕ್ಕಳಿಗೆ ಪೂರ್ತಿ ಕಥೆ ಹೇಳಬೇಕು.

ಶುರುವಾದ ವರ್ಷವೇ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟ ಉದ್ಘಾಟನೆಯ ವಿಮಾನದ ಎಂಜಿನ್‌ಗೆ, ಗಣ್ಯರೆಲ್ಲ ಒಳಗೆ ಕುಳಿತಿರುವಾಗಲೇ, ಬೆಂಕಿ ಹತ್ತಿತು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಅಲ್ಲಿಗೆ ಮುಗಿಯಿತು ಎಂದವರೇ ಹೆಚ್ಚು, ಆದರೆ ಅವರು ನಿಲ್ಲಿಸಲಿಲ್ಲ. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಅರವತ್ತಕ್ಕೂ ಹೆಚ್ಚು ಊರುಗಳಿಗೆ ಏರ್ ಡೆಕ್ಕನ್ ಹಾರಿತು, ದೊಡ್ಡ ಏರ್‌ಬಸ್ ವಿಮಾನಗಳೂ ಬಂದವು. ಬೆಳೆದ ವೇಗಕ್ಕೆ ಹಣ ಸಾಲಲಿಲ್ಲ. ವಿಮಾನಗಳು ತಡವಾಗುತ್ತಿದ್ದವು, ರದ್ದಾಗುತ್ತಿದ್ದವು, ಪ್ರಯಾಣಿಕರು ಸಿಟ್ಟಾಗುತ್ತಿದ್ದರು. 2006ರಲ್ಲಿ ಷೇರು ಮಾರಲು ಹೊರಟಾಗ ಮಾರುಕಟ್ಟೆ ಬಿದ್ದಿತ್ತು, ಕೊಳ್ಳುವವರಿಗಾಗಿ ಬೆಲೆ ಇಳಿಸಿ ಗಡುವು ಮುಂದೂಡಬೇಕಾಯಿತು. ಸ್ಪೈಸ್‌ಜೆಟ್, ಗೋಏರ್, ಇಂಡಿಗೊ ಎಂದು ಸೋವಿ ದರದ ಇತರ ಕಂಪನಿಗಳು ಬಂದವು. ನಷ್ಟ ತಾಳಲಾರದೆ 2007ರಲ್ಲಿ ಕಂಪನಿಯ ದೊಡ್ಡ ಪಾಲನ್ನು ಕಿಂಗ್‌ಫಿಷರ್ ನಡೆಸುತ್ತಿದ್ದ ಯುಬಿ ಗುಂಪಿಗೆ ಕೊಡಬೇಕಾಯಿತು. ಏರ್ ಡೆಕ್ಕನ್ ಎಂಬ ಹೆಸರು ಹೋಯಿತು, ಸಾಮಾನ್ಯ ಮನುಷ್ಯನ ಚಿತ್ರವೂ ಹೋಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನೆಲಕ್ಕಿಳಿಯಿತು.

ಗೋಪಿನಾಥ್ 2009ರಲ್ಲಿ ಸರಕು ಸಾಗಿಸುವ ಡೆಕ್ಕನ್ 360 ಕಟ್ಟಿದರು, ನಾಗಪುರವನ್ನು ಅದರ ಕೇಂದ್ರ ಮಾಡಿದರು. ಅದು ನಿಲ್ಲಲಿಲ್ಲ. ಅದೇ ವರ್ಷ ಲೋಕಸಭೆಗೆ ನಿಂತರು, ಸೋತರು. ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಸರ್ಕಾರದ ಉಡಾನ್ ಯೋಜನೆಯಲ್ಲಿ 2017ರಲ್ಲಿ ಏರ್ ಡೆಕ್ಕನ್ ಹೆಸರು ಮತ್ತೆ ಬಂತು, 2020ರಲ್ಲಿ ಕೊರೊನಾ ಕಾಲಕ್ಕೆ ಮತ್ತೆ ನಿಂತಿತು. ಅವರ ಆತ್ಮಕಥೆ 'ಸಿಂಪ್ಲಿ ಫ್ಲೈ' ಕನ್ನಡಕ್ಕೂ ಬಂದಿದೆ, ಅದರ ಆಧಾರದ ಮೇಲೆ 2020ರಲ್ಲಿ ತಮಿಳಿನಲ್ಲಿ 'ಸೂರರೈ ಪೋಟ್ರು' ಸಿನಿಮಾ ಆಯಿತು. ಸಿನಿಮಾ ಗೆಲುವಿನಲ್ಲಿ ಮುಗಿಯುತ್ತದೆ. ಬದುಕು ಹಾಗೆ ಒಂದು ಕಡೆ ಮುಗಿಯುವುದಿಲ್ಲ.

ಹಾಗಾದರೆ ಅವರು ಗೆದ್ದರೋ, ಸೋತರೋ? ಲಾಭ ನಷ್ಟದ ಪುಸ್ತಕ ತೆಗೆದರೆ ಸೋಲು ಬಹಳ. ಆದರೆ ಇನ್ನೊಂದು ಪುಸ್ತಕ ಇದೆ. ಅವರು ಬೆಲೆ ಇಳಿಸಿದ ಮೇಲೆ ಉಳಿದವರೂ ಇಳಿಸಬೇಕಾಯಿತು, ಮತ್ತೆ ಮೇಲಕ್ಕೆ ಮೊದಲಿನಂತೆ ಏರಿಸಲು ಯಾರಿಗೂ ಆಗಲಿಲ್ಲ. ಇವತ್ತು ನಮ್ಮೂರಿನಿಂದ ದುಡಿಯಲು ಹೋದ ಹುಡುಗ ಮನೆಯಲ್ಲಿ ಸಾವಾದರೆ ವಿಮಾನ ಹತ್ತಿ ಮಣ್ಣಿಗೆ ಬಂದು ಮುಟ್ಟುತ್ತಾನೆ. ಮೊದಲು ರೈಲಿನಲ್ಲಿ ಎರಡು ದಿನ ಕುಳಿತು ಬಂದು ಸಮಾಧಿ ನೋಡುತ್ತಿದ್ದ. ಈ ಲೆಕ್ಕ ಕಂಪನಿಯ ಪುಸ್ತಕದಲ್ಲಿ ಬರುವುದಿಲ್ಲ. ಆದರೆ ಎರಡು ಪುಸ್ತಕಗಳನ್ನೂ ಓದಲು ಬರಬೇಕು ಮಕ್ಕಳೇ. ಧೈರ್ಯ ಒಂದೇ ಇದ್ದು ಲೆಕ್ಕ ಬರದಿದ್ದರೆ ಕಟ್ಟಿದ್ದು ಉಳಿಯುವುದಿಲ್ಲ. ಲೆಕ್ಕ ಒಂದೇ ಇದ್ದು ಧೈರ್ಯ ಇರದಿದ್ದರೆ ಏನೂ ಹುಟ್ಟುವುದಿಲ್ಲ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಗೊರೂರಿನ ಕನ್ನಡ ಶಾಲೆಯ ಹುಡುಗನಿಗೆ ವಿಜಯಪುರದಲ್ಲಿ ಸೈನಿಕ ಶಾಲೆ ತೆರೆದಿದೆ ಎನ್ನುವ ಸುದ್ದಿ ಮುಟ್ಟಿತು. ನಾನೂರು ಕಿಲೋಮೀಟರಿಗಿಂತ ಹೆಚ್ಚು ದೂರದಿಂದ ಅವನು ಬಂದ. ಅದೇ ಶಾಲೆ ನಮ್ಮ ಪಕ್ಕದಲ್ಲಿದೆ. ಈ ಐವತ್ತು ವರ್ಷಗಳಲ್ಲಿ ನಮ್ಮ ಊರಿನ ಎಷ್ಟು ಮಕ್ಕಳಿಗೆ ಆ ಪರೀಕ್ಷೆಯ ಸುದ್ದಿ ಸರಿಯಾದ ಹೊತ್ತಿಗೆ ಮುಟ್ಟಿದೆ? ಇದನ್ನು ನಾನು ಯಾರನ್ನೂ ದೂರುವುದಕ್ಕೆ ಕೇಳುತ್ತಿಲ್ಲ. ಸುದ್ದಿಯ ಬೆಲೆ ನನಗೆ ಗೊತ್ತಿರುವುದರಿಂದ ಕೇಳುತ್ತಿದ್ದೇನೆ.

ನಾನು ವಾಯುಸೇನೆ ಸೇರಿದ್ದು ಒಂದು ನೋಟೀಸಿನಿಂದ. ವಿಜಯಪುರದಲ್ಲಿ ಭರ್ತಿ ನಡೆಯುತ್ತದೆ ಎಂದು ಇದೇ ಅಂಗಳದಲ್ಲಿ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ನಮ್ಮ ಗಣಿತದ ಗುರುಗಳು ಓದಿ ಹೇಳಿದರು. ಆ ದಿನ ನನ್ನ ಪಕ್ಕದಲ್ಲಿ ಕೂರುವ ಗೆಳೆಯ ಶಾಲೆಗೆ ಬಂದಿರಲಿಲ್ಲ. ಜೋಳದ ರಾಶಿ ನಡೆದಿತ್ತು, ಮನೆಯಲ್ಲಿ ಕೈ ಸಾಲದೆ ಅವನನ್ನು ಕಣದಲ್ಲಿ ಉಳಿಸಿಕೊಂಡಿದ್ದರು. ಅವನು ಲೆಕ್ಕದಲ್ಲಿ ನನಗಿಂತ ಜಾಣ, ನಾನು ಅವನ ಪಾಟಿ ನೋಡಿ ಬರೆಯುತ್ತಿದ್ದೆ. ಅವನು ನಾಲ್ಕು ದಿನ ಬಿಟ್ಟು ಬಂದಾಗ ಭರ್ತಿ ಮುಗಿದಿತ್ತು. ನಾನು ಬೀದರ್, ಪಠಾಣಕೋಟೆ, ಜೋಧಪುರ ಎಂದು ದೇಶ ನೋಡಿದೆ. ಅವನು ಊರಲ್ಲಿ ಉಳಿದು ಹೊಲ ಮಾಡಿದ, ಮಾದರಿ ಎನ್ನುವ ಹಾಗೆ ದ್ರಾಕ್ಷಿ ಬೆಳೆದ. ಅವನ ಬದುಕು ನನ್ನದಕ್ಕಿಂತ ಕಡಿಮೆಯದು ಎಂದು ನಾನು ಎಂದೂ ಹೇಳುವುದಿಲ್ಲ. ಅವನು ಈ ಸಭೆಯಲ್ಲೇ ಕುಳಿತಿದ್ದಾನೆ, ಹೇಳಿದರೆ ಬಯ್ಯುತ್ತಾನೆ. ಆದರೆ ನನಗೆ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು, ಅವನಿಗೆ ಸಿಗಲಿಲ್ಲ. ನಡುವೆ ಇದ್ದದ್ದು ಬುದ್ಧಿಯ ಅಂತರ ಅಲ್ಲ, ಒಂದು ದಿನದ ಹಾಜರಿ.

ಈಗ ವಿಜಯಪುರದ ಹತ್ತಿರ, ಬುರಣಾಪುರ ಮದಭಾವಿ ಸೀಮೆಯಲ್ಲಿ, ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಿದೆ. ಕಲಬುರಗಿಯಲ್ಲಿ 2019ರಲ್ಲೇ ವಿಮಾನ ಇಳಿಯಲು ಶುರುವಾಯಿತು. ನಮ್ಮ ಜಿಲ್ಲೆಯ ಭೂಮಿಯ ಮೇಲೆ ವಿಮಾನ ಇಳಿಯುವಾಗ ನಮ್ಮ ಮಕ್ಕಳು ಅಲ್ಲಿ ಎಲ್ಲಿರುತ್ತಾರೆ? ಗೇಟಿನ ಹೊರಗೆ ಆಟೋ ನಿಲ್ಲಿಸಿಕೊಂಡು ಮಾತ್ರವೇ? ಅಥವಾ ಒಳಗೆ, ಎಂಜಿನ್ ಹತ್ತಿರ, ನಿಯಂತ್ರಣ ಗೋಪುರದಲ್ಲಿ, ಮುಂದಿನ ಸೀಟಿನಲ್ಲಿಯೂ ಇರುತ್ತಾರೆಯೇ?

ದಾರಿಗಳು ಇವೆ. ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನು ಆರನೆಯ ತರಗತಿಗೆ ಕನ್ನಡದಲ್ಲೇ ಬರೆಯಬಹುದು. ಮೊದಲು ಗಂಡುಮಕ್ಕಳಿಗೆ ಮಾತ್ರ ಇದ್ದ ಆ ಬಾಗಿಲು ಈಗ ಹೆಣ್ಣುಮಕ್ಕಳಿಗೂ ತೆರೆದಿದೆ. ಪೈಲಟ್ ಆಗಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು, ಆಮೇಲೆ 200 ಗಂಟೆಯ ಹಾರಾಟ ಬೇಕು. ಅದಕ್ಕೆ ಖರ್ಚು ಬಹಳ, ಸುಳ್ಳು ಹೇಳುವುದಿಲ್ಲ. ಆದರೆ ಸೇನೆಯ ಮೂಲಕ ಹೋದರೆ ಆ ಖರ್ಚನ್ನು ದೇಶ ಕೊಡುತ್ತದೆ. ವಿಮಾನ ರಿಪೇರಿಯ ಎಂಜಿನಿಯರ್ ಆಗಲು, ಗೋಪುರದಲ್ಲಿ ಕುಳಿತು ವಿಮಾನಗಳಿಗೆ ದಾರಿ ಹೇಳುವ ಕೆಲಸಕ್ಕೆ, ವಿಜ್ಞಾನ ಗಟ್ಟಿಯಾಗಿ ಓದಿದ ಯಾರೂ ಪ್ರಯತ್ನಿಸಬಹುದು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದು ಮೂರು ಕೋರಿಕೆ. ಒಂದು, ಈ ಸುವರ್ಣ ಮಹೋತ್ಸವದಲ್ಲಿ ಉಳಿದ ಹಣದಲ್ಲಿ ಕಮಾನು ಕಟ್ಟಿಸುವ ಬದಲು, ಪ್ರತಿ ಭಾನುವಾರ ಊರಿನ ಐದನೆಯ ತರಗತಿಯ ಮಕ್ಕಳಿಗೆ ಸೈನಿಕ ಶಾಲೆ, ನವೋದಯ, ಮೊರಾರ್ಜಿ ಪರೀಕ್ಷೆಗಳಿಗೆ ತಯಾರಿ ಮಾಡಿಸೋಣ. ಪಾಠ ಹೇಳಲು ನಾನು ಬರುತ್ತೇನೆ, ನಿವೃತ್ತರಾದ ಗುರುಗಳೂ ಬರುತ್ತಾರೆ ಎಂಬ ಭರವಸೆ ನನಗಿದೆ. ಎರಡು, ಶಾಲೆಯ ಬಾಗಿಲಲ್ಲಿ ಒಂದು ಗಾಜಿನ ಫಲಕ. ಪರೀಕ್ಷೆ, ಭರ್ತಿ, ವಿದ್ಯಾರ್ಥಿವೇತನ, ಇವುಗಳ ನೋಟೀಸು ಅಲ್ಲಿ ಕಡೆಯ ತಾರೀಖಿನವರೆಗೆ ಇರಬೇಕು. ರಾಶಿಗೆ, ಕಬ್ಬಿಗೆ ಹೋಗಿ ಬಂದ ಮಗುವಿನ ಮನೆಗೂ ಆ ಸುದ್ದಿ ಮುಟ್ಟಬೇಕು, ಅದನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘವೇ ವಹಿಸಿಕೊಳ್ಳಲಿ. ಮೂರು, ನಮ್ಮೂರಿನ ಮಾಜಿ ಸೈನಿಕರನ್ನು ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸಲು ಮಾತ್ರ ಕರೆಯಬೇಡಿರಿ. ತಿಂಗಳಿಗೊಮ್ಮೆ ತರಗತಿಗೆ ಕರೆಯಿರಿ. ಅವರು ಹಿಮಾಲಯ ನೋಡಿದ್ದಾರೆ, ತೋಪು ನೋಡಿದ್ದಾರೆ, ನಕಾಶೆ ಓದಬಲ್ಲರು, ಯಂತ್ರ ಬಲ್ಲರು. ಅವರಿಗೂ ಅದರಿಂದ ಇನ್ನೊಂದು ಬದುಕು ಶುರುವಾಗಬಹುದು.

ಮಕ್ಕಳೇ, ನಿಮ್ಮಲ್ಲಿ ಎಲ್ಲರೂ ವಿಮಾನ ಹಾರಿಸಬೇಕೆಂದು ನಾನು ಹೇಳಲು ಬಂದಿಲ್ಲ. ಕಂಪನಿ ಕಟ್ಟಿ ಕೋಟಿ ಗಳಿಸಿ ಎಂದೂ ಹೇಳುವುದಿಲ್ಲ. ಹೊಲ ಮಾಡುವವರೂ ನಮಗೆ ಬೇಕು, ಅವರಿಲ್ಲದೆ ಪೈಲಟ್‌ಗೂ ಊಟವಿಲ್ಲ. ಆದರೆ ಹೊಲ ಮಾಡಿದರೂ ಅದನ್ನು ನೀವೇ ಆರಿಸಿಕೊಂಡು ಮಾಡಿರಿ. ಬೇರೆ ದಾರಿ ಇತ್ತೆಂದು ನಲವತ್ತು ವರ್ಷದ ಮೇಲೆ ತಿಳಿಯುವುದು ಬೇಡ.

ತಂದೆ ತಾಯಂದಿರಲ್ಲಿ ಒಂದೇ ಬೇಡಿಕೆ. ರಾಶಿಯ ದಿನಗಳಲ್ಲೂ ಮಗುವನ್ನು ಶಾಲೆಗೆ ಕಳಿಸಿರಿ. ಕಣದ ಕೆಲಸಕ್ಕೆ ಸಂಜೆ ನಾವೂ ನಾಲ್ಕು ಜನ ಬಂದು ಕೈ ಹಚ್ಚುತ್ತೇವೆ.